ಗಾಡಿ ಓಡಿಸುವವರಿಗೆ ಕೊಡುವ ಲೋಟ

ಬೇಡ ಎನ್ನುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ, ಕೆಲವರು ಪೆಟ್ಟು ತಿಂದು ಕಲಿಯುತ್ತಾರೆ. ನಾನು ಪೆಟ್ಟನ್ನೂ ಬೇಡ ಎನ್ನದೆ ತಿಂದವನು, ಆದರೆ ವಿದ್ಯೆ ಮಾತ್ರ ಹತ್ತಲಿಲ್ಲ. ಯಾರಾದರೂ ತಟ್ಟೆ ಹಿಡಿದು ಎದುರಿಗೆ ನಿಂತರೆ ನನ್ನ ಕೈ ನನ್ನನ್ನು ಕೇಳದೆಯೇ ಮುಂದಕ್ಕೆ ಹೋಗುತ್ತದೆ. ನಮ್ಮ ಕಡೆ ಉಪಚಾರಕ್ಕೊಂದು ಕ್ರಮವಿದೆ. ಮೊದಲ ಸಲ ಕೇಳಿದಾಗ ‘ಅಯ್ಯೋ ಬೇಡ, ಈಗ ತಾನೇ ಆಯ್ತು’ ಎನ್ನಬೇಕು. ಎರಡನೆಯ ಸಲ ‘ಇದೆಲ್ಲ ಯಾಕೆ ಮಾಡೋಕೆ ಹೋದ್ರಿ’ ಎನ್ನಬೇಕು. ಮೂರನೆಯ ಸಲ, ಮನೆಯವರು ನೊಂದುಕೊಳ್ಳಬಾರದಲ್ಲ ಎಂಬ ಮುಖ ಮಾಡಿಕೊಂಡು ತೆಗೆದುಕೊಳ್ಳಬೇಕು. ನಾನು ನೇರವಾಗಿ ಮೂರನೆಯದರಿಂದಲೇ ಶುರು ಮಾಡುವವನು. ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದಾಗ ಯಾರ ಮಗುವಿಗೆ ನಾಮಕರಣವಾದರೂ ಲಡ್ಡಿನ ಡಬ್ಬಿ ಮೊದಲು ನನ್ನ ಮೇಜಿಗೇ ಬರುತ್ತಿತ್ತು. ಅದು ನನ್ನ ಮೇಲಿನ ಗೌರವವೆಂದು ತಿಳಿದಿದ್ದೆ. ನಿವೃತ್ತಿಯ ದಿನ ಭಾಷಣ ಮಾಡಿದವರೊಬ್ಬರು, ‘ಇವರಿಂದ ಶುರು ಮಾಡಿದರೆ ಆಮೇಲೆ ಯಾರಿಗೂ ಸಂಕೋಚ ಇರುತ್ತಿರಲಿಲ್ಲ’ ಎಂದು ನಿಜ ಹೇಳಿ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಮ್ಮ ಮನೆಯಲ್ಲಿ ಆ ವಿದ್ಯೆಯನ್ನು ಪೂರ್ತಿ ಕರಗತ ಮಾಡಿಕೊಂಡಿರುವವಳು ಮುನಿಯಮ್ಮತ್ತೆ. ನನ್ನ ತಂದೆಯ ಅಕ್ಕ. ನಾನು ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡದ್ದರಿಂದ ನನ್ನನ್ನು ಸಾಕಿ, ಬೈದು, ಓದಿಸಿ, ಮದುವೆ ಮಾಡಿಸಿ, ಮದುವೆಯಾದ ಮೇಲೂ ಬೈಯುವುದನ್ನು ಬಿಡದೆ ಕಾಪಾಡಿದವಳು ಅವಳೇ. ಅಮೃತಹಳ್ಳಿಯ ನಮ್ಮ ಮನೆಯ ಹಿಂದೆ ಈಗ ಒಂದು ಅಪಾರ್ಟ್‌ಮೆಂಟಿನ ಉದ್ದನೆಯ ಗೋಡೆಯಿದೆ. ಒಂದು ಕಾಲದಲ್ಲಿ ಅಲ್ಲಿ ಅತ್ತೆಯ ದ್ರಾಕ್ಷಿ ಚಪ್ಪರವಿತ್ತು. ಎಂಬತ್ತು ದಾಟಿದರೂ ಅತ್ತೆ ಈಗಲೂ ಸಂಜೆ ಹೊತ್ತು ಆ ಗೋಡೆಯ ಕಡೆಗೇ ಮುಖ ಮಾಡಿ ಕೂರುತ್ತಾಳೆ. ಅವಳ ಬೇಡಕ್ಕೆ ಮೇಲ್ಮನವಿ ಇಲ್ಲ. ನನ್ನ ಮಗಳು ಮಾನಸಳಿಗೆ ಕೆಂಪಾಪುರದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಅತ್ತೆ ಚೊಂಬಿನಲ್ಲಿ ನೀರು ಕೊಟ್ಟಾಗ ಆ ಹುಡುಗ ‘ಬಾಟಲಿ ನೀರಿಲ್ವಾ’ ಎಂದು ಕೇಳಿದ. ಅಲ್ಲಿಗೆ ಆ ಮಾತು ಮುಗಿಯಿತು. ಜಕ್ಕೂರಿನ ಹುಡುಗ ಇನ್ನೂ ಒಳ್ಳೆಯವನು, ಪಾಪ, ಗೊತ್ತಿಲ್ಲದೆ ಅತ್ತೆಯ ಕುರ್ಚಿಯಲ್ಲಿ ಕೂತುಬಿಟ್ಟ.

ಇಷ್ಟರಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ವಿಮಲ, ಸಾರು ಬಡಿಸುವಷ್ಟೇ ಸಹಜವಾಗಿ, ಮಾನಸ ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ ಎಂದು ಹೇಳಿದಳು. ಹೆಸರು ಹರೀಶ. ಕೃಷಿ ಕಾಲೇಜಿನಲ್ಲಿ ಇವಳ ಜೊತೆ ಓದಿದವನು. ನಮ್ಮ ಪೈಕಿಯವರೇ, ನಂದಿಯ ಕಡೆ ತೋಟ. ‘ಒಳ್ಳೇದೇ ಆಯ್ತಲ್ಲ’ ಎಂದೆ. ‘ತೋಟದಲ್ಲಿ ದ್ರಾಕ್ಷಿ ಬೆಳೀತಾರೆ’ ಎಂದಳು. ‘ಇನ್ನೂ ಒಳ್ಳೇದು’ ಎಂದೆ. ‘ಆ ದ್ರಾಕ್ಷಿಯಿಂದ ಮನೆಯವರೇ ಸೇರ್ಕೊಂಡು ವೈನ್ ಮಾಡ್ತಾರೆ’ ಎಂದಳು. ನಾನು ಸಾರು ಕಲಸುವುದನ್ನು ನಿಲ್ಲಿಸಿದೆ. ಏಕೆಂದರೆ ವೈನ್ ಮಾಡುವವರ ಹೆಸರೆತ್ತಿದರೆ ಸಾಕು, ಅತ್ತೆ ‘ಅವ್ರ ಸಾವಾಸ ಬ್ಯಾಡ’ ಎಂದು ಎದ್ದುಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹೆಂಡದ ವಿಷಯದಲ್ಲಿ ಹಿರಿಯರಿಗೆ ಇರುವ ಮಡಿಯೇ ಇರಬೇಕೆಂದು ನಾವು ಯಾರೂ ಕಾರಣ ಕೇಳಿರಲಿಲ್ಲ. ಮಾನಸ ತಟ್ಟೆ ನೋಡುತ್ತಾ, ‘ಅಜ್ಜಿಗೆ ಬೇಜಾರು ಮಾಡಿ ನಾನು ಮದ್ವೆ ಆಗಲ್ಲಪ್ಪ. ಅವ್ನನ್ನ ಬಿಟ್ಟು ಬೇರೆಯೋರ್ನೂ ಆಗಲ್ಲ’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಗದರಬಹುದಿತ್ತು. ನನಗೆ ಅಂದು ನಿಜವಾಗಿ ಸಂಕಟವಾಯಿತು. ಮಜ್ಜಿಗೆಯನ್ನೂ ಬೇಡ ಎಂದೆ ಎಂದರೆ ನೀವು ಅರ್ಥ ಮಾಡಿಕೊಳ್ಳಬಹುದು.

ಉಪಾಯ ಹೂಡಿದವಳು ವಿಮಲ. ಹುಡುಗನ ಮನೆ ನೋಡಲು ಹೋಗೋಣ ಎಂದರೆ ಅತ್ತೆ ಬರುವುದಿಲ್ಲ. ಹಾಗೆ ಕರೆಯದೆ, ಆ ಕಡೆ ಇರುವ ಸಣ್ಣಪುಟ್ಟ ವೈನ್ ಮಾಡುವ ಮನೆಗಳನ್ನೆಲ್ಲ ಒಂದು ಭಾನುವಾರ ಆರಾಮವಾಗಿ ಸುತ್ತಿಕೊಂಡು ಬರುವುದು. ಈಗ ಹೀಗೆ ಕುಟುಂಬದವರೇ ನಡೆಸುವ ಪುಟ್ಟ ಜಾಗಗಳು ಅಲ್ಲಲ್ಲಿ ಆಗಿವೆ. ಹೋದವರಿಗೆ ತೋಟ ತೋರಿಸಿ, ನಾಲ್ಕು ಗುಟುಕು ರುಚಿ ಕೊಟ್ಟು ಕಳಿಸುತ್ತಾರೆ. ‘ಒಂದೇ ಮನೆಗೆ ಹೋದ್ರೆ ಮನೆ ನೋಡೋಕೆ ಹೋದಂಗಾಗುತ್ತೆ ರೀ. ಮೂರು ಮನೆಗೆ ಹೋದ್ರೆ ಸುತ್ತಾಡೋಕೆ ಹೋದಂಗೆ’ ಎಂದಳು. ಹರೀಶನದು ಮೂರನೆಯದು. ಅಲ್ಲಿಗೆ ಹೋಗುವ ಹೊತ್ತಿಗೆ ವೈನಿನವರೂ ನಮ್ಮ ಹಾಗೆಯೇ ಮನುಷ್ಯರು ಎಂದು ಅತ್ತೆಗೆ ಅಭ್ಯಾಸವಾಗಿರಬೇಕು. ಹುಡುಗ ಯಾರು ಎತ್ತ ಎಂದು ಅಂದು ಬಾಯಿಬಿಡಬಾರದು. ಅವಳು ತಾನಾಗಿ ಮೆಚ್ಚಿಕೊಂಡ ಮೇಲೆ ಇನ್ನೊಂದು ದಿನ ನಿಧಾನಕ್ಕೆ ವಿಷಯ ಎತ್ತುವುದು.

ಇದರಲ್ಲಿ ಒಂದೇ ಒಂದು ಗಂಡಾಂತರವಿತ್ತು. ನಮ್ಮ ಮನೆತನದ ಪದ್ಧತಿ ಹೀಗೆ: ಸಂಬಂಧ ಬೆಳೆಸಲು ಮನೆ ನೋಡಲು ಹೋದವರು ಅಲ್ಲಿ ಖಾರ ತಿನ್ನಬಹುದು, ಎಲೆ ಅಡಿಕೆ ಹಾಕಬಹುದು, ಆದರೆ ಸಿಹಿ ಮುಟ್ಟಬಾರದು. ಸಿಹಿ ಬಾಯಿಗೆ ಬಿತ್ತೆಂದರೆ ಮಾತು ಕೊಟ್ಟ ಹಾಗೆ. ಅತ್ತೆ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾಳೆಂದರೆ, ನನ್ನ ಮದುವೆಗೆ ಮೊದಲು ವಿಮಲಳ ಮನೆಗೆ ಹೋಗಿದ್ದಾಗ ಕಾಫಿಯನ್ನು ಕೂಡ ಸಕ್ಕರೆ ಇಲ್ಲದೆ ತರಿಸಿಕೊಂಡಿದ್ದಳು. ನನಗೆ ತಂದದ್ದು ಕೇಸರಿಬಾತು. ಅದರ ಫಲವಾಗಿ ವಿಮಲ ಈಗ ನಮ್ಮ ಮನೆಯಲ್ಲಿದ್ದಾಳೆ. ತನ್ನನ್ನು ಕೇಳದೆ ಸಿಹಿ ತಿಂದರೆಂದು ಅತ್ತೆಗೆ ಆಮೇಲೆ ಗೊತ್ತಾದರೆ ಅವಳು ಒಪ್ಪುವುದು ಕನಸೇ. ಅದಕ್ಕೇ ವಿಮಲ ಹರೀಶನ ತಾಯಿಗೆ ಫೋನ್ ಮಾಡಿ, ‘ಅಕ್ಕ, ಏನಾದ್ರೂ ಕೊಡಿ, ಸಿಹಿ ಮಾತ್ರ ಆಚೆ ತರ್ಬೇಡಿ’ ಎಂದು ಮೊದಲೇ ಹೇಳಿಟ್ಟಳು. ಕಡೆಗೆ ನನ್ನತ್ತ ತಿರುಗಿದಳು. ‘ನೀವು ಗಾಡಿ ಓಡಿಸ್ತೀರಾ. ಓಡಿಸೋರು ಕುಡಿಯೋ ಹಾಗಿಲ್ಲ. ಅವತ್ತು ಪೂರ್ತಿ ನೀವು ಬಾಯಿ ತೆರೀಬಾರ್ದು, ಮಾತಿಗೂ ಅಷ್ಟೇ, ಲೋಟಕ್ಕೂ ಅಷ್ಟೇ.’ ಸಂಸಾರದಲ್ಲಿ ನನ್ನನ್ನು ಇಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿಲ್ಲ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ. ದ್ರಾಕ್ಷಿ ತೋಟ ನೋಡಿಕೊಂಡು ಬರೋಣ, ಈಗ ಅಲ್ಲಿ ವೈನೂ ಮಾಡುತ್ತಾರಂತೆ ಎಂದು ವಿಮಲ ಹೇಳಿದಾಗ ಅತ್ತೆ ಸಾವಾಸ ಬ್ಯಾಡ ಎನ್ನುತ್ತಾಳೆಂದು ನಾವು ಕಾದೆವು. ಅನ್ನಲಿಲ್ಲ. ಬೆಳಿಗ್ಗೆ ನಾನು ಕಾರು ಒರೆಸಲು ಹೋದರೆ, ರೇಷ್ಮೆ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ‘ಬಳ್ಳಿ ನೋಡಿ ಬಲು ಕಾಲ ಆಯ್ತು ಕಣೋ ಸೀನ’ ಎಂದಳು. ವಿಮಲ, ಮಾನಸ ಹಿಂದೆ ಕೂತರು. ಯಲಹಂಕದಲ್ಲಿ ಇಡ್ಲಿ ತಿಂದು ರಾಜಾನುಕುಂಟೆಯ ಕಡೆ ತಿರುಗಿದೆವು. ಅತ್ತೆ ದಾರಿಯುದ್ದಕ್ಕೂ ಇದು ಯಾರ ತೋಟವಾಗಿತ್ತು, ಅದು ಯಾರ ಕೆರೆಯಾಗಿತ್ತು ಎಂದು ಹೇಳುತ್ತಲೇ ಬಂದಳು. ಅವಳು ಕೈ ತೋರಿಸಿದ ಕಡೆಯೆಲ್ಲ ಕಾಣುತ್ತಿದ್ದದ್ದು ‘ಸೈಟುಗಳು ಮಾರಾಟಕ್ಕಿವೆ’ ಎಂಬ ಬೋರ್ಡು. ಮುಖ್ಯರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದ ಮೇಲೆ ಬೋರ್ಡುಗಳು ಕಡಿಮೆಯಾಗಿ ಹುಣಸೆ ಮರಗಳು ಜಾಸ್ತಿಯಾದವು.

ಮೊದಲನೆಯದು ಒಬ್ಬ ನಿವೃತ್ತ ಮೇಷ್ಟರದು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಸ್ಟೀಲ್ ಟ್ಯಾಂಕು, ಎರಡು ಮರದ ಪೀಪಾಯಿ. ಮೇಷ್ಟರು ಲೋಟದ ತಳದಲ್ಲಿ ಎರಡು ಬೆರಳಷ್ಟು ವೈನ್ ಹುಯ್ದು, ಮೊದಲು ಮೂಗು ಇಡಿ ಎಂದು ಪಾಠ ಶುರು ಮಾಡಿದರು. ನನಗೆ ಕುಡಿಯುವ ಹಾಗಿಲ್ಲ, ಮೂಸುವುದಕ್ಕೆ ಯಾವ ನಿಷೇಧವೂ ಇಲ್ಲ. ಆದ್ದರಿಂದ ಎಲ್ಲರಿಗಿಂತ ಹೆಚ್ಚು ಹೊತ್ತು ಮೂಗು ಇಟ್ಟೆ. ‘ಏನ್ ವಾಸನೆ ಬರ್ತಿದೆ ಹೇಳಿ ನೋಡೋಣ’ ಎಂದರು. ನನಗೆ ಬಂದದ್ದು ದ್ರಾಕ್ಷಿ ವಾಸನೆ. ಹಾಗೆ ಹೇಳಿದರೆ ದಡ್ಡನೆನ್ನುತ್ತಾರೆಂದು, ‘ಮಳೆ ಬಿದ್ದ ಮಣ್ಣಿಂದು, ಆಮೇಲೆ ಸ್ವಲ್ಪ ಹಳೇ ಬೀರುವಿಂದು’ ಎಂದೆ. ಮೇಷ್ಟರು ಎದ್ದು ಬಂದು ಕೈ ಕುಲುಕಿದರು. ಆ ಹೊತ್ತಿನಲ್ಲಿ ಅತ್ತೆ ಅಲ್ಲಿರಲೇ ಇಲ್ಲ. ಶೆಡ್ಡಿನ ಹಿಂದೆ ಹೋಗಿ ಅಲ್ಲಿಟ್ಟಿದ್ದ ದ್ರಾಕ್ಷಿ ಕ್ರೇಟುಗಳಲ್ಲಿ ಬಗ್ಗಿ ಬಗ್ಗಿ ಏನನ್ನೋ ನೋಡಿ, ‘ಊಂ’ ಎಂದುಕೊಂಡು ವಾಪಸು ಬಂದಳು. ರುಚಿ ನೋಡ್ತೀರಾ ಅಮ್ಮ ಎಂದರೆ ‘ಬ್ಯಾಡ’ ಎಂದಳು. ವಿಮಲ ನನ್ನ ಮುಖ ನೋಡಿದಳು.

ಎರಡನೆಯದು ದೊಡ್ಡಬಳ್ಳಾಪುರದ ಆಚೆ. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುವ ಜಾಗ. ಚಪ್ಪರದ ನೆರಳಿನಲ್ಲಿ ಬೆಂಚು ಹಾಕಿ, ಮುದ್ದೆ, ಅವರೆಕಾಳಿನ ಸಾರು ಬಡಿಸಿ, ಪಕ್ಕದಲ್ಲಿ ಕೆಂಪು ವೈನ್ ಇಟ್ಟರು. ಮುದ್ದೆಯ ಜೊತೆ ಯಾವ ವೈನ್ ಹೊಂದುತ್ತದೆ ಎಂಬುದರಲ್ಲಿ ಅಣ್ಣ ತಮ್ಮಂದಿರಿಗೆ ಭಿನ್ನಾಭಿಪ್ರಾಯವಿತ್ತು. ಅದನ್ನು ನಮ್ಮ ಮುಂದೆಯೇ ಬಗೆಹರಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅಲ್ಲೂ ಅತ್ತೆ ಎದ್ದು ಹಿಂದಕ್ಕೆ ಹೋದಳು, ಕ್ರೇಟು ಬಗ್ಗಿ ನೋಡಿದಳು, ‘ಊಂ’ ಎಂದಳು. ಆದರೆ ಊಟದ ನಡುವೆ, ನಾವು ಯಾರೂ ಕೇಳದೆ, ವಿಮಲಳ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದುಬಿಟ್ಟಳು. ಮುಖ ಕಿವುಚಿ, ‘ನಮ್ಮವ್ವ ಮಾಡ್ತಿದ್ದ ಕಷಾಯ ಇದ್ಕಿಂತ ಎಷ್ಟೋ ವಾಸಿ’ ಎಂದು ಲೋಟವನ್ನು ಕೆಳಗಿಟ್ಟಳು. ವಿಮಲ ಮೇಜಿನ ಕೆಳಗೆ ನನ್ನ ಕಾಲು ತುಳಿದು, ‘ರೀ, ಕುಡುದ್ರು’ ಎಂದು ಪಿಸುಗುಟ್ಟಿದಳು. ನನಗೂ ಆಶ್ಚರ್ಯವಾಯಿತು. ಮಡಿಯಿದ್ದವರು ಹೀಗೆ ಕುಡಿಯುವುದಿಲ್ಲ. ಹಾಗಾದರೆ ಇಷ್ಟು ವರ್ಷ ಇವಳ ಸಿಟ್ಟು ಯಾತರ ಮೇಲೆ ಎಂದು ಯೋಚಿಸುತ್ತಾ ಇನ್ನೊಂದು ಮುದ್ದೆಗೆ ಬೇಡ ಎನ್ನುವುದನ್ನು ಮರೆತೆ.

ಹರೀಶನ ಮನೆ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬೆಟ್ಟ ಒಂದು ಕಡೆ, ತೋಟ ಇನ್ನೊಂದು ಕಡೆ, ಮಧ್ಯೆ ಹಳೆಯ ಹೆಂಚಿನ ಮನೆ, ಅದರ ಪಕ್ಕದಲ್ಲೇ ವೈನ್ ಮಾಡುವ ಕಲ್ಲಿನ ಕೊಟ್ಟಿಗೆ. ಹರೀಶ, ಅವನ ತಂದೆ ನಂಜಪ್ಪ, ತಾಯಿ, ಮೂವರೂ ನಮ್ಮ ಹೆಸರನ್ನೇ ಕೇಳಿಲ್ಲದವರ ಹಾಗೆ ನಮ್ಮನ್ನು ಬರಮಾಡಿಕೊಳ್ಳಲು ಬಹಳ ಶ್ರಮಪಟ್ಟರು. ‘ಯಾವೂರಿಂದ ಬಂದ್ರಿ’ ಎಂದು ನಂಜಪ್ಪ ಕೇಳಿದರು. ‘ಅಮೃತಹಳ್ಳಿ’ ಎಂದೆ. ‘ಓಹೋ, ಅಮೃತಹಳ್ಳಿ!’ ಎಂದು ಅವರು ಬೆಚ್ಚಿಬಿದ್ದ ರೀತಿ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು. ಕೊಟ್ಟಿಗೆಗೆ ಹೋಗುವ ಬಾಗಿಲು ಬಹಳ ಕುಳ್ಳು. ನಾನು ಧಡ್ ಎಂದು ತಲೆ ಚಚ್ಚಿಕೊಂಡೆ, ನನ್ನ ಹಿಂದೆ ವಿಮಲಳೂ ಚಚ್ಚಿಕೊಂಡಳು. ಒಳಗೆ ಹರೀಶ ಒಂದೊಂದೇ ತೋರಿಸಿದ. ಹುಡುಗ ಒಳ್ಳೆಯವನು ಎಂದು ಅವನು ಮಾತಾಡುವ ರೀತಿಯಲ್ಲೇ ತಿಳಿಯುತ್ತಿತ್ತು. ಬಿಳಿ ವೈನ್ ಈ ವರ್ಷ ಸರಿಯಾಗಿ ಬಂದಿಲ್ಲ ಎಂದು ತಾನಾಗಿಯೇ ಹೇಳಿದ. ಅವನ ತಾಯಿ ನಿಪ್ಪಟ್ಟು, ಹುರಿದ ಕಡಲೆಕಾಯಿ, ಕೋಡುಬಳೆ ತಂದಿಟ್ಟರು. ಎಲ್ಲ ಖಾರ. ವಿಮಲ ಸಮಾಧಾನದಿಂದ ತಲೆಯಾಡಿಸಿದಳು. ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯುತ್ತಿತ್ತು.

ಆಗ ನಂಜಪ್ಪ, ಪಾಪ, ಯಾವ ದುರುದ್ದೇಶವೂ ಇಲ್ಲದೆ, ‘ಗಾಡಿ ಓಡಿಸೋರು ಯಾರಣ್ಣ?’ ಎಂದರು. ನಾನು ಕೈ ಎತ್ತಿದೆ. ಅವರು ಒಳಗೆ ಹೋಗಿ ಒಂದು ದೊಡ್ಡ ಸ್ಟೀಲ್ ಲೋಟ ತಂದು ನನ್ನ ಕೈಗಿಟ್ಟರು. ತಣ್ಣಗೆ, ಕಪ್ಪಗೆ, ತುಳುಕುತ್ತಿತ್ತು. ಬೆಳಿಗ್ಗೆಯಿಂದ ಬರೀ ವಾಸನೆ ಕುಡಿದು ಬಂದವನು ನಾನು. ಉಪಚಾರದ ಮೊದಲನೆಯ ಸಲ, ಎರಡನೆಯ ಸಲ ಎಲ್ಲವನ್ನೂ ದಾಟಿ, ಕತ್ತೆತ್ತಿ ಒಂದೇ ಉಸಿರಿಗೆ ಇಳಿಸಿಬಿಟ್ಟೆ. ‘ಚೆನ್ನಾಗಿದ್ಯಾ?’ ಎಂದರು. ‘ಬೆಲ್ಲ ಬೆಲ್ಲ’ ಎಂದೆ. ‘ಇನ್ನೊಂದು ಲೋಟ?’ ‘ಕೊಡಿ, ಕೊಡಿ.’

ಎರಡನೆಯ ಲೋಟವೂ ಬಂದು ನನ್ನ ಇನ್ನೊಂದು ಕೈ ಸೇರಿತು. ವಿಮಲಳ ಮುಖ ನೋಡಿದೆ. ಹರೀಶನ ತಾಯಿಯ ಮುಖ ನೋಡಿದೆ. ಕೋಡುಬಳೆ ತಟ್ಟೆ ಹಿಡಿದ ಅವರ ಕೈ ನಿಂತಲ್ಲೇ ನಿಂತಿತ್ತು. ಆಮೇಲೆ ನನ್ನ ನಾಲಿಗೆಯ ಮೇಲೆ ಇನ್ನೂ ಉಳಿದಿದ್ದ ರುಚಿ ಏನೆಂದು ನನಗೇ ಹೊಳೆಯಿತು. ಮೈಸೂರುಪಾಕು, ಲಡ್ಡು, ಒಬ್ಬಟ್ಟು ಎಲ್ಲವನ್ನೂ ಮುಚ್ಚಿಟ್ಟಿದ್ದರು. ದ್ರಾಕ್ಷಿ ರಸ ಸಿಹಿಯೆಂಬುದು ಆ ಮನೆಯಲ್ಲಿ ಯಾರಿಗೂ ಜ್ಞಾಪಕವಿರಲಿಲ್ಲ. ಗಾಡಿ ಓಡಿಸಿಕೊಂಡು ಬಂದ ಎಲ್ಲರಿಗೂ ಅವರು ಅದನ್ನೇ ಕೊಡುತ್ತಿದ್ದರು. ‘ಅತ್ತೆ, ಇದಕ್ಕೆ ಸಕ್ಕರೆ ಹಾಕಿಲ್ಲ’ ಎಂದೆ, ಯಾರೂ ಏನೂ ಕೇಳದಿದ್ದರೂ.

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. ‘ಸಕ್ಕರೆ ಆಕಿದ್ರೇನು, ಬಿಟ್ರೇನು. ನಾಲಿಗೆಗೆ ಸಿಹಿ ಆಯ್ತೋ ಇಲ್ವೋ? ಮಾತು ಕೊಟ್ಟಾಯ್ತು ಬಿಡು’ ಎಂದಳು. ‘ಯಾರಿಗೆ ಮಾತು, ಏನ್ ಮಾತು’ ಎಂದು ವಿಮಲ ನಗಲು ಪ್ರಯತ್ನಿಸಿದಳು. ‘ನಂಗೇನು ಕಣ್ಣಿಲ್ವಾ? ಬಾಗಿಲಾಗೆ ಇವ್ನು ತಲೆ ಚಚ್ಕಂಡ, ನೀನು ಚಚ್ಕಂಡೆ. ನನ್ ಮೊಮ್ಮಗಳು ಮಾತಾಡ್ತಾ ಮಾತಾಡ್ತಾನೇ ಬಗ್ಗಿ ಒಳಕ್ಕೆ ಬಂದ್ಲು. ಒಂದೇ ದಿನಕ್ಕೆ ಅಂಗೆ ಬಗ್ಗೋದು ಬರಲ್ಲ ಕಣಮ್ಮ.’ ಮಾನಸ ಕೆಂಪಗಾದಳು. ಇವಳು ಇಲ್ಲಿಗೆ ಮೊದಲೇ ಬಂದುಹೋಗಿರುವ ವಿಷಯ ನನಗೂ ಆಗಲೇ ತಿಳಿದದ್ದು. ಆದರೆ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ನನ್ನ ಎರಡು ಕೈಯಲ್ಲೂ ಲೋಟವಿತ್ತು.

‘ಇನ್ನು ನಾನು ಕೇಳೋದು ಒಂದೇ’ ಎಂದು ಅತ್ತೆ ಹರೀಶನನ್ನು ಹತ್ತಿರ ಕರೆದಳು. ಮಾನಸ ನನ್ನ ತೋಳು ಹಿಡಿದುಕೊಂಡಳು. ಕುಡಿಯುತ್ತೀಯಾ ಎಂದು ಕೇಳುತ್ತಾಳೆ, ಇವನು ಸುಳ್ಳು ಹೇಳುವವನಲ್ಲ, ಕತೆ ಮುಗಿಯಿತು ಎಂದುಕೊಂಡೆ. ಅತ್ತೆ ಕೇಳಿದ್ದು ಬೇರೆ. ‘ಉದುರು ಹಣ್ಣು ಏನ್ ಮಾಡ್ತೀಯಪ್ಪ?’

ಯಾರಿಗೂ ಅರ್ಥವಾಗಲಿಲ್ಲ. ಅತ್ತೆಯೇ ಹೇಳಿದಳು. ‘ಆ ಕಾಲ್ದಾಗೆ ನಮ್ ಚಪ್ಪರದ ತಾವ ವೈನ್ ಮಾಡೋರು ಲಾರಿ ತಂದು ನಿಲ್ಲಿಸ್ತಿದ್ರು. ಮಗು ಸಾಕ್ದಂಗೆ ಸಾಕಿದ್ದೆ ಗೊಂಚಲುನ. ಅದು ಬ್ಯಾಡ, ಕೆಳಗೆ ಉದುರಿದ್ದು ಐತಲ್ಲ ಅದ್ನ ಅಗ್ಗಕ್ಕೆ ಬಾಚಿ ಕೊಡಮ್ಮ ಅಂದ್ರು. ಆಮ್ಯಾಕೆ ಅವ್ರ ಶೀಸೆ ನೋಡಿದ್ರೆ, ಮೇಲೆ ಗೊಂಚಲು ಪಟ! ನನ್ ಗೊಂಚಲು ಪಟಕ್ಕೆ ಬೇಕು, ಶೀಸೆಗೆ ಬ್ಯಾಡ. ಅಂಥೋರ ಮನೆಗೆ ನಾನು ಹೆಣ್ಣು ಕೊಡಲ್ಲ.’ ನಾವು ಮಡಿ ಎಂದುಕೊಂಡದ್ದು ಮಡಿಯಲ್ಲ, ಅವಮಾನ. ಅದನ್ನು ಇಷ್ಟು ವರ್ಷ ಅವಳು ಒಬ್ಬಳೇ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಕ್ರೇಟುಗಳಲ್ಲಿ ಹುಡುಕಿದ್ದು ಏನನ್ನು ಎಂದು ಈಗ ತಿಳಿಯಿತು. ಯಾರೂ ಒಂದು ಸಲ ಕೂತು ಕೇಳಿರಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಹರೀಶನ ತಾಯಿ ಹಿಂದಿನಿಂದ ಏನೋ ಸನ್ನೆ ಮಾಡಿದರು. ಅವನು ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗೆ ಮಾಡಿದ. ‘ಅಜ್ಜಿ, ವೈನಿಗೆ ಗೊಂಚಲೇ ಹಾಕೋದು. ಉದುರು ಹಣ್ಣು ಒಂದೂ ಹಾಕಲ್ಲ. ಬಿಸಾಕೋಕೂ ಮನಸ್ಸು ಬರಲ್ಲ, ನಮ್ ಬಳ್ಳಿದೇ ಅಲ್ವಾ. ಒಳ್ಳೇದನ್ನ ಆರಿಸಿ, ತೊಳೆದು, ರಸ ಮಾಡಿ...’ ಇಲ್ಲಿ ಅವನು ನಿಂತು ನನ್ನ ಕಡೆ ನೋಡಿದ. ‘ಗಾಡಿ ಓಡಿಸೋರಿಗೆ ಕೊಡ್ತೀವಿ.’

ನನ್ನ ಎರಡೂ ಕೈಯ ಲೋಟಗಳನ್ನು ಎಲ್ಲರೂ ನೋಡಿದರು. ಅತ್ತೆಯ ಭುಜ ಅಲುಗಿತು. ಎಲೆ ಅಡಿಕೆ ಚೀಲ ಮಡಿಲಿಂದ ಜಾರಿತು. ಅಪಾರ್ಟ್‌ಮೆಂಟಿನ ಗೋಡೆ ಎದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ‘ಗೊಂಚಲು ಶೀಸೆಗೆ, ಉದುರು ನಮ್ ಸೀನಂಗೆ! ಸರಿಯಾಗೈತೆ, ಸರಿಯಾಗೈತೆ’ ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ಹರೀಶನ ತಾಯಿಯ ಕಡೆ ತಿರುಗಿ, ‘ಏನವ್ವ, ಮುಚ್ಚಿಟ್ಟಿರೋ ಸಿಹಿ ತತ್ತಾ ಇನ್ನ. ಗೊಂಚಲಿಂದು ಸಿಹಿ ವೈನು ಇದ್ರೆ ಅದ್ನೂ ಒಂದು ಗುಟುಕು ತಾ. ನಾನು ಮಾತು ಕೊಡೋದು ಉದುರಿನ ಮ್ಯಾಲಲ್ಲ’ ಎಂದಳು. ಅಡುಗೆಮನೆಯ ಬೀರುವಿನಿಂದ ಮೈಸೂರುಪಾಕು ಎಷ್ಟು ಬೇಗ ಹೊರಗೆ ಬಂತೆಂದರೆ, ಅದು ಅಲ್ಲಿ ಬಾಗಿಲ ಹಿಂದೆಯೇ ಕಾದು ನಿಂತಿದ್ದಿರಬೇಕು. ಮಾನಸ ಅಜ್ಜಿಯ ಮಡಿಲಲ್ಲಿ ಮುಖ ಇಟ್ಟುಕೊಂಡು ಅತ್ತಳು. ಅತ್ತೆ ಅವಳ ತಲೆ ಸವರುತ್ತಾ ಹರೀಶನಿಗೆ, ‘ಆ ಬಾಗಿಲು ಎತ್ತರ ಮಾಡಿಸ್ಬ್ಯಾಡ ಕಣಪ್ಪ, ನಮ್ಮೋರು ಯಾರು, ಹೊರಗ್ನೋರು ಯಾರು ಗೊತ್ತಾಗ್ತದೆ’ ಎಂದಳು. ಹೊರಡುವಾಗ ಅವಳು ಒಂದು ಬಳ್ಳಿ ತುಂಡು ಕೇಳಿ ಪಡೆದಳು. ಅದು ಈಗ ನಮ್ಮ ಹಿತ್ತಲ ಕುಂಡದಲ್ಲಿ ಚಿಗುರಿ, ಅಪಾರ್ಟ್‌ಮೆಂಟಿನ ಗೋಡೆಯ ಕಡೆಗೇ ಕೈ ಚಾಚುತ್ತಿದೆ.

ಮದುವೆ ಬರುವ ಮಾಘದಲ್ಲಿ. ನಾನೂ ವಿಮಲಳೂ ಈಗ ಲಗ್ನಪತ್ರಿಕೆ ಹಂಚುತ್ತಿದ್ದೇವೆ, ಒಮ್ಮೊಮ್ಮೆ ಅತ್ತೆಯೂ ಬರುತ್ತಾಳೆ. ಹೋದ ಮನೆಯಲ್ಲೆಲ್ಲ ‘ಸಂಬಂಧ ಹೇಗೆ ಕುದುರಿತು’ ಎಂದು ಕೇಳುತ್ತಾರೆ. ಹುಡುಗ ಹುಡುಗಿ ಒಟ್ಟಿಗೆ ಓದಿದವರು ಎಂದು ನಾನು ಗಂಭೀರವಾಗಿ ಶುರು ಮಾಡುವಷ್ಟರಲ್ಲಿ ಅತ್ತೆ, ‘ಅದೆಲ್ಲ ಇಲ್ಲ, ನಮ್ ಸೀನ ಎರಡು ಲೋಟ ಉದುರು ಹಣ್ಣಿನ ರಸ ಕುಡಿದು ಮಗಳ್ನ ಕೊಟ್ಬಂದ’ ಎಂದು ಮುಗಿಸುತ್ತಾಳೆ. ಎಲ್ಲರೂ ನಗುತ್ತಾರೆ. ನಗುವಿನ ನಡುವೆ ಮನೆಯವರು ಬಾದಾಮಿ ಹಾಲಿನ ಲೋಟ ತಂದು ನನ್ನ ಮುಂದೆ ಹಿಡಿಯುತ್ತಾರೆ. ವಿಮಲ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ನಾನು ನಿಶ್ಚಿಂತೆಯಿಂದ ಕೈ ಚಾಚುತ್ತೇನೆ. ನನಗಿರುವುದು ಒಬ್ಬಳೇ ಮಗಳು; ಅವಳನ್ನು ಕೊಟ್ಟಾಯಿತು.